ಶಾಲೆಗೆ ಬಂದ ಯಂತ್ರಬುದ್ಧಿ

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಂದಿನಿಂದ ಮನೆಪಾಠದ ಅರ್ಥವೇ ಪಲ್ಲಟವಾಗಿದೆ. ತರಗತಿಯಲ್ಲಿ ಇಂತಹ ಕೃತಕ ಬುದ್ಧಿಮತ್ತೆಯ ಬಳಕೆಗೆ 13 ವರ್ಷದ ವಯೋಮಿತಿಯಿರಲೆಂದು ಯುನೆಸ್ಕೊ 2023ರಲ್ಲಿ ಸೂಚಿಸಿತು. ಅದೇ ವರ್ಷದ ನಮ್ಮ ದತ್ತಾಂಶ ಸಂರಕ್ಷಣಾ ಶಾಸನವು, 18 ತುಂಬದವರ ವಿವರಗಳ ಬಳಕೆಗೆ ತಂದೆತಾಯಿಗಳ ಸಮ್ಮತಿಯನ್ನು ಬಯಸುತ್ತದೆ.

ಸಮ್ಮತಿ ಕೊಡಬೇಕಾದವರು ಯಾರು? ಚೆನ್ನೈಯ ಹೋಟೆಲಿನಲ್ಲಿ ಮೊದಲ ಇಡ್ಲಿ ಬೇಯುವ ಮುನ್ನ ಎದ್ದು, ಗಲ್ಲಾ ಮುಚ್ಚಿದ ಮೇಲೆ ಮನೆ ಸೇರುವ ತಂದೆ. ಮಗನ ಇಂಗ್ಲಿಷ್ ಪ್ರಬಂಧ ಮಗನದೋ ಯಂತ್ರದ್ದೋ ಎಂದು ಅವರು ಪರೀಕ್ಷಿಸಲಾರರು. ಟ್ಯೂಷನ್ನಿಗೆ ಹಣವಿಲ್ಲದ ಆ ಮನೆಗೆ, ಬೇಸರಿಸದೆ ಹತ್ತು ಸಲ ವಿವರಿಸುವ ಯಂತ್ರವು ವರವೂ ಹೌದು. ಆದುದರಿಂದ ನಿಷೇಧವನ್ನು ನಾವು ಒಪ್ಪೆವು. ಆದರೆ ಅದು ತಪ್ಪನ್ನೂ ಅಷ್ಟೇ ಧೈರ್ಯದಿಂದ ನುಡಿಯುತ್ತದೆ! ಮಗು ಮೊದಲು ಸ್ವಂತವಾಗಿ ಬರೆದು, ಅನಂತರ ಯಂತ್ರವನ್ನು ಕೇಳಿ, ಅದರ ತಪ್ಪುಗಳನ್ನು ಗುರುಗಳೆದುರಿಗೇ ಹಿಡಿಯಲಿ. ಈ ಕಾವಲು ಶಾಲೆಯದು. ಅದನ್ನು ಮನೆಯ ಮೇಲೆ ಹೊರಿಸುವುದು ಅನ್ಯಾಯ.

ತಂದೆಗೆ ತಿಳಿಯದ ಇಂಗ್ಲಿಷ್ ಪತ್ರಕ್ಕೆ ಹಾಕಿಸಿಕೊಂಡ ರುಜುವನ್ನು ಸಮ್ಮತಿಯೆನ್ನಲಾಗದು. ಇದೇ ನಗರದ ಐಐಟಿಯ ಎಐ4ಭಾರತ್ ಕೇಂದ್ರವು ಕನ್ನಡವೂ ಸೇರಿ 22 ಭಾಷೆಗಳಿಗೆ ಅನುವಾದಯಂತ್ರವನ್ನು 2023ರಲ್ಲೇ ಒದಗಿಸಿದೆ. ಅದರ ಕನ್ನಡವನ್ನು ತಿದ್ದಿಕೊಡಲು ಕನ್ನಡ ಬಲ್ಲ ಉಪಾಧ್ಯಾಯರೊಬ್ಬರಿದ್ದರೆ ಸಾಕು.