ಗೃಹವಿಚಾರ: ಹೊರಡುವವರಿಗೊಂದು ಮಾತು, ಕಳುಹಿಸುವವರಿಗೊಂದು ಮಾತು

ಹಿಂದೆ ನಮ್ಮ ಮನೆಗಳಲ್ಲಿ ಬೆಟ್ಟ ಹತ್ತುವುದೆಂದರೆ ಹರಕೆ ತೀರಿಸುವುದೆಂದೇ ಅರ್ಥವಾಗಿದ್ದಿತು. ಶಿವಗಂಗೆಗೋ ತಿರುಪತಿಗೋ ಮಲೆಮಹದೇಶ್ವರನ ಬೆಟ್ಟಕ್ಕೋ ಹೊರಟವರು ಬುತ್ತಿ ಕಟ್ಟಿಕೊಂಡು ಹೋಗಿ, ದೇವರ ದರ್ಶನ ಮಾಡಿ, ಪ್ರಸಾದವನ್ನು ತಂದು ನೆರೆಹೊರೆಗೆ ಹಂಚುತ್ತಿದ್ದರು. ಈಗ ಕಾಲವು ಬೇರೆಯಾಗಿದೆ. ವೈಟ್‌ಫೀಲ್ಡಿನ ಬಹುಮಹಡಿಯ ಮನೆಯೊಂದರಲ್ಲಿ ರಾತ್ರಿಯ ಊಟದ ಹೊತ್ತಿಗೆ ಮಗಳು ತಲೆಯೆತ್ತಿ, “ಅಪ್ಪಾ, ನಾನು ಆಫ್ರಿಕದ ಕಿಲಿಮಂಜಾರೋ ಪರ್ವತಕ್ಕೆ ಹೋಗುತ್ತೇನೆ” ಎಂದರೆ, ತಂದೆತಾಯಿಗಳು ಏನು ಹೇಳಬೇಕು? ಬೇಡವೆನ್ನಲು ಕಾರಣ ತೋರದು. ಹೋಗಿ ಬಾ ಎನ್ನಲು ಧೈರ್ಯ ಸಾಲದು. ಇಂತಹ ಸಂದರ್ಭವು ಈಗ ಎಷ್ಟೋ ಸಂಸಾರಗಳಲ್ಲಿ ಒದಗುತ್ತಿರುವುದರಿಂದ, ಈ ತಿಂಗಳು ಆ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡಲು ಬಯಸುತ್ತೇವೆ.

ಬೆಂಗಳೂರಿನ ಹೊರವಲಯದವರಿಗೇ ಈ ಆಸೆ ಹೆಚ್ಚಾಗಿ ಹುಟ್ಟುವುದರಲ್ಲಿ ಆಶ್ಚರ್ಯವೇನೂ ಇಲ್ಲ. ವೈಟ್‌ಫೀಲ್ಡು 1882ರಲ್ಲಿ ಬೇಸಾಯಗಾರರ ನೆಲೆಯಾಗಿ ಏರ್ಪಟ್ಟ ಊರು. ಇಂದು ಅಲ್ಲಿ ನೇಗಿಲು ಹಿಡಿಯುವವರನ್ನು ಹುಡುಕಬೇಕು. ಎಲೆಕ್ಟ್ರಾನಿಕ್ ಸಿಟಿಯು ಆರ್. ಕೆ. ಬಾಳಿಗರ ಕನಸಿನಿಂದ 1970ರ ದಶಕದಲ್ಲಿ ಮೊಳೆತು ಬೆಳೆದುದು. ಪೀಣ್ಯದಲ್ಲಿ ಯಂತ್ರಗಳ ಸದ್ದು ಅಡಗಿದ ಗಳಿಗೆಯೇ ಅಪರೂಪ. ಈ ಮೂರು ಕಡೆಗಳಲ್ಲಿಯೂ ದುಡಿಯುವವರು ದಿನದ ಬಹುಭಾಗವನ್ನು ಗೋಡೆಗಳ ನಡುವೆ ಕಳೆಯತಕ್ಕವರು. ಉಳಿದ ಭಾಗವನ್ನು ವಾಹನಗಳ ಸಾಲಿನಲ್ಲಿ ಕಳೆಯತಕ್ಕವರು. ಅವರ ಮನಸ್ಸು ಬಯಲನ್ನೂ ಎತ್ತರವನ್ನೂ ಬಯಸಿದರೆ ಅದು ಆರೋಗ್ಯದ ಲಕ್ಷಣವೆಂದೇ ನಾವು ಎಣಿಸುತ್ತೇವೆ.

ಕಿಲಿಮಂಜಾರೋ ಪರ್ವತವು ಟಾಂಜಾನಿಯಾ ದೇಶದಲ್ಲಿದೆ. ಭೂಮಧ್ಯರೇಖೆಗೆ ಸುಮಾರು ಮೂರು ಡಿಗ್ರಿ ದಕ್ಷಿಣಕ್ಕೆ, ಬಯಲಿನ ನಡುವೆ ಒಂಟಿಯಾಗಿ ಎದ್ದು ನಿಂತಿರುವ ಈ ಜ್ವಾಲಾಮುಖಿಯ ಎತ್ತರ 5,895 ಮೀಟರು. ನಮ್ಮ ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರು. ಮೂರು ಮುಳ್ಳಯ್ಯನಗಿರಿಗಳನ್ನು ಒಂದರ ಮೇಲೊಂದು ಪೇರಿಸಿದರೂ ಆಫ್ರಿಕದ ಗಿರಿಯ ನೆತ್ತಿಗೆ ನೂರು ಮೀಟರಿನಷ್ಟು ಸಾಲದೆ ಬರುವುದು. ಕೆಳಗೆ ಬಾಳೆ ಕಾಫಿಗಳ ತೋಟ, ಅದರ ಮೇಲೆ ಮಳೆಕಾಡು, ಆಮೇಲೆ ಕುರುಚಲು ಗಿಡಗಳ ಬಯಲು, ಆಚೆಗೆ ಕಲ್ಲುಮರಳಿನ ಮರುಭೂಮಿ, ತುದಿಯಲ್ಲಿ ಹಿಮ. ಹೀಗೆ ಒಂದು ವಾರದ ನಡಿಗೆಯಲ್ಲಿ ಐದು ಬಗೆಯ ದೇಶಗಳನ್ನು ಕಂಡಂತಾಗುವುದು. 1848ರಲ್ಲಿ ರೆಬ್‌ಮನ್ ಎಂಬ ಜರ್ಮನ್ ಪಾದ್ರಿಯು ಈ ಹಿಮವನ್ನು ಕಂಡು ಬರೆದಾಗ, ಉರಿಬಿಸಿಲಿನ ನಾಡಿನಲ್ಲಿ ಹಿಮವೆಲ್ಲಿಯದೆಂದು ಲಂಡನ್ನಿನ ಪಂಡಿತರು ನಂಬದೆಹೋದರು. ಆ ಹಿಮವೇ ಈಗ ಕರಗುತ್ತಿದೆ. 1912ರಲ್ಲಿದ್ದ ಹಿಮದ ಹರವಿನಲ್ಲಿ ನೂರಕ್ಕೆ ಎಂಬತ್ತೈದರಷ್ಟು 2007ರ ವೇಳೆಗೆ ಮಾಯವಾಗಿದ್ದಿತು.

1889ರ ಅಕ್ಟೋಬರಿನಲ್ಲಿ ಹಾನ್ಸ್ ಮೇಯರ್ ಮತ್ತು ಲುಡ್ವಿಗ್ ಪುರ್ಟ್‌ಷೆಲ್ಲರ್ ಎಂಬ ಇಬ್ಬರು ಮೊದಲು ತುದಿ ಮುಟ್ಟಿದರೆಂದು ಚರಿತ್ರೆಯು ಹೇಳುತ್ತದೆ. ಅವರ ಸಾಮಾನುಗಳನ್ನು ಹೊತ್ತವರೂ ಕಾಡಿನ ದಾರಿ ತೋರಿದವರೂ ಆಫ್ರಿಕದವರೇ. ಆದರೆ ಶಿಖರಕ್ಕೆ ಇಟ್ಟುದು ಜರ್ಮನ್ ಚಕ್ರವರ್ತಿಯ ಹೆಸರು. 1961ರ ಡಿಸೆಂಬರಿನಲ್ಲಿ ಟಾಂಗನ್ಯೀಕವು ಸ್ವತಂತ್ರವಾದಾಗ ಆ ತುದಿಯಲ್ಲಿ ದೀವಟಿಗೆ ಹೊತ್ತಿಸಿ ‘ಉಹುರು’ ಎಂದು ಹೆಸರಿಟ್ಟರು. ಸ್ವಾಹಿಲಿ ಭಾಷೆಯಲ್ಲಿ ಉಹುರು ಎಂದರೆ ಸ್ವಾತಂತ್ರ್ಯ.

ಇನ್ನು ಯಾತ್ರೆಯ ಕ್ರಮವನ್ನು ನೋಡೋಣ. 1991ರಿಂದ ಈಚೆಗೆ ಯಾರೂ ಮಾರ್ಗದರ್ಶಿಯಿಲ್ಲದೆ ಈ ಪರ್ವತವನ್ನು ಏರುವಂತಿಲ್ಲ; ಪರವಾನಗಿ ಪಡೆದ ಸ್ಥಳೀಯನೊಬ್ಬನು ಜತೆಗಿರಲೇಬೇಕು. ಹಗ್ಗ, ಹಿಮಕೊಡಲಿಗಳ ವಿದ್ಯೆ ಇಲ್ಲಿ ಬೇಕಾಗುವುದಿಲ್ಲ. ಸಾಮಾನ್ಯ ದಾರಿಗಳೆಲ್ಲವೂ ನಡಿಗೆಯ ದಾರಿಗಳೇ. ಮರಂಗು ಎಂಬ ಹಳೆಯ ದಾರಿಯಲ್ಲಿ ಮಲಗಲು ಮರದ ಗುಡಿಸಲುಗಳುಂಟು. ಮಚಾಮೆ, ಲೆಮೋಷೊ ಮೊದಲಾದ ದಾರಿಗಳಲ್ಲಿ ಡೇರೆಗಳಲ್ಲಿ ಮಲಗತಕ್ಕದ್ದು. ಜನವರಿಯಿಂದ ಮಾರ್ಚಿಯ ಮೊದಲವರೆಗೆ, ಮತ್ತು ಜೂನಿನಿಂದ ಅಕ್ಟೋಬರಿನವರೆಗೆ ಮಳೆ ಕಡಿಮೆ. ಯಾತ್ರೆಗೆ ಅವೇ ಒಳ್ಳೆಯ ದಿನಗಳು.

ನಡಿಗೆಯ ದಾರಿಯೆಂದ ಮೇಲೆ ಭಯವೇನು ಎಂದು ಕೇಳಬಹುದು. ಭಯವಿರುವುದು ಗಾಳಿಯಲ್ಲಿ. ತುದಿಯಲ್ಲಿ ವಾಯುವಿನ ಒತ್ತಡವು ಸಮುದ್ರತೀರದ ಅರ್ಧದಷ್ಟು. ಎಂದರೆ ಒಂದೊಂದು ಉಸಿರಿನಲ್ಲಿಯೂ ದೊರೆಯುವ ಆಮ್ಲಜನಕವು ಅರ್ಧದಷ್ಟೇ. ದೇಹವು ಇದಕ್ಕೆ ಹೊಂದಿಕೊಳ್ಳಬಲ್ಲುದು, ಆದರೆ ಅವಕಾಶ ಬೇಕು. ಮೂರು ಸಾವಿರ ಮೀಟರನ್ನು ದಾಟಿದ ಮೇಲೆ ಮಲಗುವ ಜಾಗವು ದಿನಕ್ಕೆ ಐನೂರು ಮೀಟರಿಗಿಂತ ಹೆಚ್ಚು ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ತಂಗಬೇಕು ಎಂಬುದು ವೈದ್ಯರ ಮತ. ಮರಂಗುವಿನ ಗುಡಿಸಲುಗಳ ಎತ್ತರವನ್ನು ನೋಡಿರಿ: ಮೊದಲ ರಾತ್ರಿ ಸುಮಾರು 2,720 ಮೀಟರು, ಎರಡನೆಯ ರಾತ್ರಿ 3,720, ಮೂರನೆಯ ರಾತ್ರಿ 4,720. ದಿನಕ್ಕೆ ಸಾವಿರ ಮೀಟರು! ವೈದ್ಯರು ಹೇಳುವುದರ ಎರಡರಷ್ಟು. ಆದುದರಿಂದ ಐದು ದಿನಗಳಲ್ಲಿ ಮುಗಿಸಿ ಬರುತ್ತೇವೆಂಬ ಅಗ್ಗದ ಯಾತ್ರೆಯು ನಿಜವಾಗಿ ಅಗ್ಗವಲ್ಲ. ಏಳೆಂಟು ದಿನಗಳ ದಾರಿಯೂ ವೈದ್ಯರ ನಿಯಮಕ್ಕೆ ಪೂರ್ತಿಯಾಗಿ ಒಪ್ಪದಿದ್ದರೂ ಬಹಳ ಮೇಲು. ಮಚಾಮೆ, ಲೆಮೋಷೊ ದಾರಿಗಳಲ್ಲಿ ಒಂದು ದಿನ ನಾಲ್ಕು ಸಾವಿರದ ಆರುನೂರು ಮೀಟರಿನವರೆಗೆ ಹತ್ತಿಸಿ, ಅದೇ ಸಂಜೆ ನಾಲ್ಕು ಸಾವಿರದ ಕೆಳಗೆ ಇಳಿಸಿ ಮಲಗಿಸುತ್ತಾರೆ. ಹಗಲು ಎತ್ತರ ತೋರಿಸಿ ಇರುಳು ತಗ್ಗಿನಲ್ಲಿ ಮಲಗಿಸುವ ಈ ಉಪಾಯದಿಂದ ದೇಹವು ಬೇಗ ಪಳಗುವುದು. ಅಲ್ಲಿನ ಮಾರ್ಗದರ್ಶಿಗಳು ಹೆಜ್ಜೆ ಹೆಜ್ಜೆಗೂ ಹೇಳುವ ಮಂತ್ರ ಒಂದೇ: ‘ಪೋಲೆ ಪೋಲೆ’. ಎಂದರೆ ಮೆಲ್ಲಮೆಲ್ಲಗೆ.

ಸಿದ್ಧತೆಯು ಮೂರು ನಾಲ್ಕು ತಿಂಗಳು ಮೊದಲೇ ಪ್ರಾರಂಭವಾಗಬೇಕು. ಪೀಣ್ಯದವರಿಗೆ ತುಮಕೂರು ರಸ್ತೆಯಲ್ಲಿ ಶಿವಗಂಗೆಯುಂಟು; ವೈಟ್‌ಫೀಲ್ಡಿನವರಿಗೆ ಕೋಲಾರದ ಅಂತರಗಂಗೆಯ ಬೆಟ್ಟಗಳುಂಟು; ಉಳಿದವರಿಗೆ ಮಾಗಡಿಯ ಸಾವನದುರ್ಗವೂ ನಂದಿಯ ಮೆಟ್ಟಿಲುಗಳೂ ಇವೆ. ವಾರದ ದಿನಗಳಲ್ಲಿ ಕಛೇರಿಯ ಲಿಫ್ಟನ್ನು ಬಿಟ್ಟು ಮೆಟ್ಟಿಲು ಹತ್ತುವುದೂ ಒಂದು ಅಭ್ಯಾಸವೇ. ಬೆನ್ನಿಗೆ ಐದಾರು ಕಿಲೋ ಭಾರವಿರಲಿ. ಕಾಲಿಗೆ ಹಾಕಿಕೊಳ್ಳುವ ಬೂಟುಗಳನ್ನು ಇಲ್ಲಿಯೇ ಮೆಟ್ಟಿ ಪಳಗಿಸಿರಬೇಕು. ಇಳಿಯುವ ಅಭ್ಯಾಸವನ್ನು ಮರೆಯಬಾರದು; ಮೊಣಕಾಲು ನೋಯುವುದು ಇಳಿಯುವಾಗಲೇ. ಆದರೆ ಒಂದು ಮಾತು. ಈ ಬೆಟ್ಟಗಳು ಕಾಲನ್ನು ಗಟ್ಟಿಮಾಡುವುವೇ ಹೊರತು ಎತ್ತರದ ಗಾಳಿಯನ್ನು ಕಲಿಸಲಾರವು. ದಿನವೂ ಹತ್ತು ಮೈಲಿ ಓಡುವ ತರುಣನು ತಲೆಹಿಡಿದು ಕುಳಿತುದೂ, ಐವತ್ತು ದಾಟಿದ ಗೃಹಿಣಿಯು ನಿಧಾನವಾಗಿ ತುದಿ ಮುಟ್ಟಿದುದೂ ಇಂತಹ ಪರ್ವತಗಳಲ್ಲಿ ಉಂಟು. ಎತ್ತರದ ಬೇನೆಯು ಯಾರನ್ನು ಹಿಡಿಯುವುದೆಂದು ಮುಂಚಿತವಾಗಿ ಹೇಳಲು ಬಾರದು.

ಹೊರಡುವ ಮೊದಲು ವೈದ್ಯರನ್ನು ಕಾಣಲೇಬೇಕು. ಹೃದಯದ ಬೇನೆ, ರಕ್ತದೊತ್ತಡ, ಸಕ್ಕರೆಯ ಕಾಯಿಲೆ, ಉಬ್ಬಸ ಇರುವವರು ಮುಚ್ಚುಮರೆಯಿಲ್ಲದೆ ಹೇಳತಕ್ಕದ್ದು. ಎತ್ತರಕ್ಕೆ ಹೊಂದಿಕೊಳ್ಳಲು ಸಹಾಯಕವಾದ ಅಸೆಟಜೋಲಮೈಡ್ ಎಂಬ ಮಾತ್ರೆಯು ಎಲ್ಲರಿಗೂ ಒಗ್ಗದು; ಸಲ್ಫ ಔಷಧಗಳು ಆಗದವರು ವೈದ್ಯರಿಗೆ ಅದನ್ನು ತಿಳಿಸಬೇಕು. ಪರ್ವತದ ತಪ್ಪಲಿನ ಊರುಗಳಲ್ಲಿ ಮಲೇರಿಯಾ ಭಯವುಂಟು. ಕೀನ್ಯಾ ಅಥವಾ ಇಥಿಯೋಪಿಯಾದ ಮೂಲಕ ಪ್ರಯಾಣ ಮಾಡುವವರು ಹಳದಿ ಜ್ವರದ ಲಸಿಕೆಯ ವಿಷಯವನ್ನು ಮೊದಲೇ ವಿಚಾರಿಸಿಕೊಳ್ಳಲಿ. ಆ ಲಸಿಕೆಯ ಪ್ರಮಾಣಪತ್ರವು ಹಾಕಿಸಿಕೊಂಡ ಹತ್ತು ದಿನಗಳ ಮೇಲೆಯೇ ಸಲ್ಲುವುದು. ಪ್ರಯಾಣದ ವಿಮೆಯು ಆರು ಸಾವಿರ ಮೀಟರಿನ ಎತ್ತರದವರೆಗೆ ಅನ್ವಯಿಸುವುದೋ ಇಲ್ಲವೋ ಎಂದು ಓದಿ ನೋಡಬೇಕು. ಎಷ್ಟೋ ವಿಮೆಗಳು ಅದಕ್ಕಿಂತ ಬಹಳ ಕೆಳಗೇ ನಿಂತುಬಿಡುತ್ತವೆ.

ಗೃಹಿಣಿಯರು ಊಟದ ಚಿಂತೆ ಮಾಡುವುದು ಸಹಜ. ಅಡಿಗೆಯವನು ಜತೆಯಲ್ಲಿಯೇ ಬರುವನು. ಗಂಜಿ, ಅನ್ನ, ತರಕಾರಿಯ ಸಾರು, ಕಾಳುಗಳು ದೊರೆಯುವುವು. ಸಸ್ಯಾಹಾರಿಗಳೆಂದು ಮೊದಲೇ ತಿಳಿಸಿದರಾಯಿತು. ಎತ್ತರದಲ್ಲಿ ಹಸಿವು ಬತ್ತುವುದರಿಂದ ನಾಲಗೆಗೆ ಹಿತವಾದುದು ಒಂದಿಷ್ಟು ಚೀಲದಲ್ಲಿರಲಿ. ಹುರಿಹಿಟ್ಟು, ಕಡಲೆಮಿಠಾಯಿ, ಚಟ್ನಿಪುಡಿ, ಒಣಶುಂಠಿ ಇವು ಹಗುರವಾದ ಪದಾರ್ಥಗಳು, ಕೆಡುವ ಭಯವಿಲ್ಲ. ನಾಲ್ಕು ಬಗೆಯ ಉಂಡೆಗಳನ್ನು ಕಟ್ಟಿ ಹೊರೆಯನ್ನು ಹೆಚ್ಚಿಸಬೇಡಿರಿ. ಆ ಹೊರೆಯನ್ನು ಹೊರುವವರು ನಿಮ್ಮ ಮಕ್ಕಳಲ್ಲ.

ಈ ಹೊರುವವರ ವಿಷಯವನ್ನು ಹೇಳದೆ ಮುಂದುವರಿಯುವುದು ನ್ಯಾಯವಾಗದು. ಒಬ್ಬೊಬ್ಬ ಯಾತ್ರಿಕನ ಹಿಂದೆ ಸಾಮಾನ್ಯವಾಗಿ ಮೂರು ನಾಲ್ಕು ಮಂದಿ ಹೊರೆಯಾಳುಗಳು ನಡೆಯುತ್ತಾರೆ. ಡೇರೆ, ಪಾತ್ರೆ, ಸೀಮೆ, ದವಸ ಎಲ್ಲವೂ ಅವರ ತಲೆಯ ಮೇಲೆ. ಒಬ್ಬನು ಹೊರುವ ಯಾತ್ರೆಯ ಹೊರೆ ಇಪ್ಪತ್ತು ಕಿಲೋ ಮೀರಬಾರದೆಂಬ ಕಟ್ಟಳೆಯುಂಟು. ದ್ವಾರದಲ್ಲಿ ತೂಗಿ ನೋಡುತ್ತಾರೆ. ಆದರೂ ಸಾಲದ ಉಡುಪಿನಿಂದ ಚಳಿಯಲ್ಲಿ ನಡುಗಿದವರೂ, ಒಪ್ಪಿದ ಕೂಲಿ ಕೈಸೇರದವರೂ ಇದ್ದುದರಿಂದಲೇ ಅವರ ಹಿತಕ್ಕಾಗಿ 2003ರಲ್ಲಿ ಒಂದು ಸಂಸ್ಥೆಯು ಹುಟ್ಟಬೇಕಾಯಿತು. ಉದ್ಯಾನದ ಶುಲ್ಕವೇ ತಲೆಗೆ ನೂರಾರು ಡಾಲರುಗಳಾಗುವಾಗ, ಯಾತ್ರೆಯನ್ನು ಬಹಳ ಅಗ್ಗವಾಗಿ ನಡೆಸುವವರು ಉಳಿತಾಯವನ್ನು ಎಲ್ಲಿಂದ ಮಾಡುವರು? ಆಳಿನ ಕೂಲಿಯಿಂದ ಮತ್ತು ಊಟದಿಂದಲ್ಲವೇ? ಹಣ ಕಟ್ಟುವ ಮೊದಲು ಹೊರೆಯಾಳಿಗೆ ದಿನಕ್ಕೆ ಎಷ್ಟು ಕೊಡುತ್ತೀರಿ, ಎಷ್ಟು ಹೊತ್ತು ಊಟ ಹಾಕುತ್ತೀರಿ, ಅವನು ಮಲಗುವುದೆಲ್ಲಿ ಎಂದು ಕೇಳಬೇಕು. ಈ ಪ್ರಶ್ನೆಗೆ ನೇರವಾಗಿ ಉತ್ತರ ಕೊಡಲಾರದವರು ನಿಮ್ಮ ಮಗುವಿನ ಕ್ಷೇಮವನ್ನೂ ಅಷ್ಟೇ ಜಾಗರೂಕತೆಯಿಂದ ನೋಡಿಯಾರು.

ಕೊನೆಯ ಏರಿಕೆಯು ನಡುರಾತ್ರಿಯಲ್ಲಿ ಆರಂಭವಾಗುವುದು. ನೀರ್ಗಲ್ಲಿನ ಚಳಿ, ಬಾಟಲಿಯ ನೀರು ಕೂಡ ಹೆಪ್ಪುಗಟ್ಟುವುದುಂಟು. ಹಣೆಯ ದೀಪದ ಬೆಳಕಿನಲ್ಲಿ ಮುಂದಿನವನ ಹಿಮ್ಮಡಿಯನ್ನೇ ನೋಡುತ್ತ ಆರೇಳು ಗಂಟೆ ನಡೆಯಬೇಕು. ಸೂರ್ಯೋದಯದ ಹೊತ್ತಿಗೆ ತುದಿ. ಅಲ್ಲಿ ಹೆಚ್ಚು ಹೊತ್ತು ನಿಲ್ಲದೆ ಅದೇ ದಿನ ಸಾವಿರಾರು ಮೀಟರು ಕೆಳಗಿಳಿಯಬೇಕು. ಅನಾಹುತಗಳಿಗೆ ಬೀಜ ಬೀಳುವುದು ಈ ರಾತ್ರಿಗಿಂತ ಮುಂಚೆಯೇ, ತಲೆನೋವನ್ನು ಮುಚ್ಚಿಟ್ಟ ಕ್ಷಣದಲ್ಲಿ.

ಮುಚ್ಚಿಡುವುದಾದರೂ ಏಕೆ? ನಮ್ಮ ಹೊರವಲಯದ ಕಛೇರಿಗಳಲ್ಲಿ ದುಡಿಯುವವರಿಗೆ ಗುರಿಯನ್ನು ಮುಟ್ಟುವುದೇ ಅಭ್ಯಾಸ. ಲಕ್ಷಗಟ್ಟಲೆ ರೂಪಾಯಿ ಖರ್ಚಾಗಿದೆ. ಹತ್ತು ದಿನದ ರಜೆ ಮತ್ತೆ ದೊರೆಯದು. ಜತೆಗಾರರು ಮುಂದೆ ಹೋಗುತ್ತಿದ್ದಾರೆ. ಊರಿನಲ್ಲಿ ಎಲ್ಲರೂ ತುದಿಯ ಚಿತ್ರಕ್ಕಾಗಿ ಕಾದಿದ್ದಾರೆ. ಹೀಗಿರುವಾಗ ತಲೆನೋವೆಂದು ಬಾಯಿಬಿಡಲು ಸಂಕೋಚವಾಗುವುದು. ತಲೆನೋವು, ವಾಕರಿಕೆ, ನಿದ್ರೆಯಿಲ್ಲದಿರುವುದು ಇವು ಆರಂಭದ ಚಿಹ್ನೆಗಳು; ಹೇಳಿಕೊಂಡು ತಂಗಿದರೆ ಬಹುಮಟ್ಟಿಗೆ ಶಮನವಾಗುವುವು. ಕುಳಿತಲ್ಲಿಯೇ ಏದುಸಿರು, ಬಿಡದ ಕೆಮ್ಮು, ತಡವರಿಸುವ ಹೆಜ್ಜೆ, ಅಸಂಬದ್ಧವಾದ ಮಾತು ಇವು ಕಂಡರೆ ನೀರು ಶ್ವಾಸಕೋಶಕ್ಕೋ ಮಿದುಳಿಗೋ ಇಳಿಯುತ್ತಿದೆಯೆಂದು ತಿಳಿಯಬೇಕು. ಆಗ ಮುಖ್ಯವಾದ ಚಿಕಿತ್ಸೆ ಒಂದೇ, ಒಡನೆಯೇ ಕೆಳಗಿಳಿಯುವುದು. ರಾತ್ರಿಯಾದರೂ ಸರಿ, ತುದಿ ಕಣ್ಣಿಗೆ ಕಾಣುತ್ತಿದ್ದರೂ ಸರಿ.

ಕೊರೋನ ಬೇನೆಯ 2020 ಮತ್ತು 2021ರಲ್ಲಿ ಮನೆಮನೆಗೂ ಬಂದ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಅಲ್ಲಿನ ಮಾರ್ಗದರ್ಶಿಗಳೂ ಸಂಜೆಗೊಮ್ಮೆ ಬಳಸುವುದುಂಟು. ಇಲ್ಲಿ ತೊಂಬತ್ತೈದರ ಕೆಳಗೆ ಬಂದರೆ ನಾವು ಗಾಬರಿಪಡುತ್ತಿದ್ದೆವು. ಅಷ್ಟೆತ್ತರದಲ್ಲಿ ಎಂಬತ್ತರ ಆಸುಪಾಸು ಸಾಮಾನ್ಯ. ಆದುದರಿಂದ ಅಂಕಿಯನ್ನು ಕೇಳಿ ಮನೆಯವರು ಕಂಗೆಡಬಾರದು. ಮಕ್ಕಳೂ ಅಂಕಿ ಚೆನ್ನಾಗಿದೆಯೆಂದು ನೋವನ್ನು ಅಡಗಿಸಬಾರದು. ಮಾರ್ಗದರ್ಶಿಯು ಇಳಿಯೆಂದರೆ ಇಳಿಯಬೇಕು. ಆ ಪರ್ವತವನ್ನು ನೂರಾರು ಸಲ ಕಂಡವನ ಮಾತಿಗೆ ಎದುರಾಡುವುದು ಧೈರ್ಯವಲ್ಲ.

ಹೊರಡುವವರಿಗೆ ನಮ್ಮ ಮಾತು ಇಷ್ಟೇ: ದಿನಗಳನ್ನು ಉಳಿಸಬೇಡಿರಿ, ನೋವನ್ನು ಮುಚ್ಚಬೇಡಿರಿ, ನಿಮ್ಮ ಹೊರೆ ಹೊತ್ತವನ ಹೆಸರನ್ನು ಕೇಳಿ ತಿಳಿದುಕೊಳ್ಳಿರಿ, ಇನಾಮನ್ನು ಅವನ ಕೈಗೇ ಸೇರುವಂತೆ ಕೊಡಿರಿ. ಕಳುಹಿಸುವವರಿಗೆ ನಮ್ಮ ಮಾತು ಇದು: ಬೇಡವೆಂದು ತಡೆಯುವುದಕ್ಕಿಂತ, ತುದಿ ಮುಟ್ಟದೆ ಬಂದರೂ ಈ ಮನೆಯಲ್ಲಿ ಯಾರೂ ಒಂದು ಮಾತನ್ನಾಡುವುದಿಲ್ಲವೆಂದು ಬಾಗಿಲಲ್ಲಿ ನಿಂತು ಸ್ಪಷ್ಟವಾಗಿ ಹೇಳಿ ಕಳುಹಿಸಿರಿ. ನೆಂಟರ ಮುಂದೆ ಕೊಂಕು ನುಡಿಯುವುದಿಲ್ಲ, ಹಣದ ಲೆಕ್ಕ ತೆಗೆಯುವುದಿಲ್ಲವೆಂದೂ ಹೇಳಿರಿ. ನಾಲ್ಕು ಸಾವಿರದ ಏಳುನೂರು ಮೀಟರಿನ ಎತ್ತರದಲ್ಲಿ, ನಡುರಾತ್ರಿಯ ಚಳಿಯಲ್ಲಿ, ಹಿಂದಿರುಗಬೇಕೋ ಬೇಡವೋ ಎಂದು ಒಬ್ಬಂಟಿಯಾಗಿ ಯೋಚಿಸುವ ಮಗುವಿಗೆ ಬೇರೆಲ್ಲ ಔಷಧಗಳಿಗಿಂತ ಆ ಮಾತೇ ಹೆಚ್ಚಿನ ಆಧಾರವಾಗುವುದು.