ರಕ್ಷಣೆಯೆಂಬ ಸಂಕೋಲೆ

ಮನೆಯನ್ನು ಕೊಟ್ಟವನೇ ಬೀಗದ ಕೈಯನ್ನೂ ಇಟ್ಟುಕೊಂಡರೆ ಆ ಮನೆ ಯಾರದು? 1939ರಿಂದ 1945ರ ವರೆಗೆ ಬಾಳಿದ ಸ್ಲೊವಾಕಿಯಾ ರಾಜ್ಯದ ಚರಿತ್ರೆಯನ್ನು ಓದುವಾಗ ನಮಗೆ ತೋರುವ ಪ್ರಶ್ನೆಯಿದು.

1939ರ ಮಾರ್ಚ್ 13ರಂದು ಹಿಟ್ಲರನು ಪಾದ್ರಿ ಟಿಸೊನನ್ನು ಬರ್ಲಿನ್ನಿಗೆ ಕರೆಸಿ, ಚೆಕ್ಕರಿಂದ ಬೇರೆಯಾಗದಿದ್ದರೆ ನಿಮ್ಮ ಪಾಡು ನಿಮಗೆಂದು ಎಚ್ಚರಿಸಿದನು. ಮರುದಿನವೇ ಬ್ರಾತಿಸ್ಲಾವಾದ ಶಾಸನಸಭೆಯು ಸ್ವಾತಂತ್ರ್ಯವನ್ನು ಸಾರಿತು. ಮಾರ್ಚ್ 23ರಂದು 'ರಕ್ಷಣೆಯ ಕರಾರು' ಆಯಿತು: 25 ವರ್ಷಗಳ ಕಾಲ ಪರರಾಷ್ಟ್ರ ವ್ಯವಹಾರವೂ ಸೈನ್ಯವೂ ಜರ್ಮನಿಯ ಸಮ್ಮತಿಗನುಸಾರ ನಡೆಯತಕ್ಕದ್ದು, ಪಶ್ಚಿಮದ ಗಡಿಯಲ್ಲಿ ಜರ್ಮನ್ ದಂಡು ಬೀಡುಬಿಡಬಹುದು. ಇಂಥ ಕರಾರಿನಲ್ಲಿ ಉಭಯ ಪಕ್ಷದವರು ಸಮಾನರಲ್ಲವೆಂಬುದನ್ನು ಬಿಡಿಸಿ ಹೇಳಬೇಕೆ?

1940ರ ಜುಲೈಯಲ್ಲಿ ಹಿಟ್ಲರನು ಸಾಲ್ಸ್‌ಬರ್ಗಿನಲ್ಲಿ ಒತ್ತಾಯಪಡಿಸಿ ಪರರಾಷ್ಟ್ರ ಮಂತ್ರಿ ದುರ್ಚಾನ್ಸ್ಕಿಯನ್ನು ತೆಗೆಸಿ, ತನಗೆ ಒಪ್ಪಿದ ಟುಕಾನನ್ನು ಆ ಪದವಿಗೇರಿಸಿದನು. ಬಳಿಕ ಸರಕಾರದ ಇಲಾಖೆಗಳಿಗೆ ಜರ್ಮನ್ ಸಲಹೆಗಾರರು ಬಂದರು.

ಆದರೆ ಹೊಣೆಯನ್ನೆಲ್ಲ ಬರ್ಲಿನ್ನಿನ ಮೇಲೆ ಹೊರಿಸಲಾಗದು. 1942ರಲ್ಲಿ ಸುಮಾರು 58,000 ಯೆಹೂದ್ಯರನ್ನು ಹಿಡಿದು ಸಾಗಿಸಿದವರು ಸ್ಲೊವಾಕ್ ಅಧಿಕಾರಿಗಳೇ. ತಲೆಗೆ 500 ಮಾರ್ಕಿನಂತೆ ಜರ್ಮನಿಗೆ ಹಣ ತೆರಲೂ ಒಪ್ಪಿದರು. 1944ರ ಆಗಸ್ಟಿನಲ್ಲಿ ಬಾನ್ಸ್ಕಾ ಬಿಸ್ತ್ರಿತ್ಸಾವನ್ನು ಕೇಂದ್ರವಾಗಿಸಿ ದಂಗೆಯೆದ್ದವರು ಸೋತರೂ ಆ ನಾಡಿನ ಮಾನವನ್ನು ಉಳಿಸಿದರು.

ಪರರು ದಯಪಾಲಿಸಿದ ಸ್ವಾತಂತ್ರ್ಯಕ್ಕೆ ಬೆಲೆ ಕಟ್ಟುವವರೂ ಪರರೇ. ಅಲ್ಲಿ ಆ ಬೆಲೆಯನ್ನು ಮೊದಲು ತೆತ್ತವರು ಕರಾರಿಗೆ ರುಜು ಹಾಕಿದವರಲ್ಲ, ನಿರಪರಾಧಿಗಳು.