ಉಬ್ಬಸದ ಔಷಧ: ಅರ್ಧ ಚಿಕಿತ್ಸೆ ಅಂಗಡಿಯ ಕಟ್ಟೆಯಲ್ಲೇ

ಜೋಗ ಜಲಪಾತಕ್ಕೂ ಲಿಂಗನಮಕ್ಕಿ ಅಣೆಕಟ್ಟೆಗೂ ಸಮೀಪವಿರುವ ಸಾಗರ ತಾಲ್ಲೂಕಿನ ಕಾರ್ಗಲ್‌ನಂತಹ ಊರುಗಳಲ್ಲಿ ಉಬ್ಬಸದ ರೋಗಿಗೆ ವರ್ಷದ ಎರಡು ಕಾಲಗಳೂ ಕಷ್ಟವೇ. ಮಳೆಗಾಲದಲ್ಲಿ ಥಂಡಿ ಮತ್ತು ಬೂಷ್ಟು, ಚಳಿಗಾಲದಲ್ಲಿ ಅಡಿಕೆ ಬೇಯಿಸುವ ಒಲೆಯ ಹೊಗೆ. ಬಚ್ಚಲೊಲೆಯ ಹೊಗೆಯಂತೂ ವರ್ಷವಿಡೀ ಇದ್ದದ್ದೇ. ತಜ್ಞ ವೈದ್ಯರನ್ನು ಕಾಣಬೇಕೆಂದರೆ ಸಾಗರಕ್ಕೆ, ಇಲ್ಲವೇ ಸುಮಾರು ನೂರು ಕಿ.ಮೀ. ದೂರದ ಶಿವಮೊಗ್ಗಕ್ಕೆ ಹೋಗಬೇಕು. ರೋಗಿಯ ಕೈಗೆ ಪ್ರತಿ ತಿಂಗಳೂ ಸಿಗುವ ಔಷಧ ಬಲ್ಲ ವ್ಯಕ್ತಿಯೆಂದರೆ ಫಾರ್ಮಸಿಸ್ಟ್ ಒಬ್ಬರೇ.

ಸಿಒಪಿಡಿ ಎಂದು ಕರೆಯಲಾಗುವ ದೀರ್ಘಕಾಲೀನ ಶ್ವಾಸಕೋಶದ ಕಾಯಿಲೆ ಸಣ್ಣದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 35 ಲಕ್ಷ ಜನರು ಇದರಿಂದ ಸತ್ತಿದ್ದು, ಸಾವಿನ ಕಾರಣಗಳಲ್ಲಿ ಇದಕ್ಕೆ ನಾಲ್ಕನೆಯ ಸ್ಥಾನ. ಈ ಕಾಯಿಲೆ ಗುಣವಾಗುವುದಿಲ್ಲ. ಹತೋಟಿಯಲ್ಲಿಡಲು ಮಾತ್ರ ಸಾಧ್ಯ. ಆ ಹತೋಟಿ ಔಷಧಕ್ಕಿಂತಲೂ ಅದನ್ನು ಬಳಸುವ ರೀತಿಯನ್ನು ಅವಲಂಬಿಸಿದೆ ಎಂಬುದನ್ನು ನಮ್ಮ ವ್ಯವಸ್ಥೆ ಇನ್ನೂ ಗಂಭೀರವಾಗಿ ಪರಿಗಣಿಸಿಲ್ಲ.

ಉದಾಹರಣೆಗೆ, ಒತ್ತಿ ಎಳೆಯುವ ಪಂಪನ್ನು ಚೆನ್ನಾಗಿ ಅಲ್ಲಾಡಿಸಿ, ಉಸಿರನ್ನು ನಿಧಾನವಾಗಿ ಎಳೆದುಕೊಂಡು ಹತ್ತು ಸೆಕೆಂಡು ಹಿಡಿಯಬೇಕು. ಪುಡಿಯ ಇನ್ಹೇಲರ್‌ನಲ್ಲಿ ಕ್ರಮ ತದ್ವಿರುದ್ಧ. ಉಸಿರನ್ನು ಜೋರಾಗಿ, ಆಳವಾಗಿ ಎಳೆಯಬೇಕು. ಒಂದರಿಂದ ಇನ್ನೊಂದಕ್ಕೆ ಬದಲಾದ ರೋಗಿಗೆ ಇದನ್ನು ಹೇಳುವವರಿಲ್ಲದಿದ್ದರೆ ಔಷಧ ಗಂಟಲಲ್ಲೇ ಉಳಿಯುತ್ತದೆ. ಇನ್ಹೇಲರ್‌ಗೆ ಹಾಕುವ ಕ್ಯಾಪ್ಸೂಲನ್ನು ಮಾತ್ರೆಯೆಂದು ನುಂಗುವವರೂ ಇದ್ದಾರೆ. ಮಲೆನಾಡಿನಲ್ಲಿ ಇನ್ನೊಂದು ತೊಡಕಿದೆ: ಕ್ಯಾಪ್ಸೂಲನ್ನು ಮೊದಲೇ ಬಿಡಿಸಿಟ್ಟರೆ ಪುಡಿ ತೇವ ಹೀರಿ ಗಟ್ಟಿಯಾಗುತ್ತದೆ. ಸ್ಟೀರಾಯ್ಡ್ ಇರುವ ಇನ್ಹೇಲರ್ ಬಳಸಿದ ನಂತರ ಬಾಯಿ ಮುಕ್ಕಳಿಸದಿದ್ದರೆ ಬಾಯಲ್ಲಿ ಶಿಲೀಂಧ್ರದ ಸೋಂಕು ಬರಬಹುದು.

ಇದಕ್ಕಿಂತ ಅಪಾಯಕಾರಿಯಾದದ್ದು ಔಷಧವನ್ನು ಅರ್ಧಕ್ಕೆ ಬಿಡುವುದು. ಉಸಿರು ಸರಾಗವಾದೊಡನೆ ದಿನನಿತ್ಯದ ಔಷಧವನ್ನು ನಿಲ್ಲಿಸಿ, ದಮ್ಮು ಬಂದಾಗ ಮಾತ್ರ ತುರ್ತು ಪಂಪನ್ನು ಮೊರೆಹೋಗುವುದು ಸಾಮಾನ್ಯ. ಒಬ್ಬ ರೋಗಿ ತುರ್ತು ಪಂಪನ್ನು ಪದೇ ಪದೇ ಕೊಳ್ಳುತ್ತಾ, ನಿತ್ಯದ ಔಷಧಕ್ಕೆ ಬರುತ್ತಿಲ್ಲವೆಂಬುದು ವೈದ್ಯರಿಗಿಂತ ಮೊದಲು ತಿಳಿಯುವುದು ಔಷಧ ಅಂಗಡಿಗೆ. ರಕ್ತದೊತ್ತಡಕ್ಕೋ ಕಣ್ಣಿನ ಗ್ಲಾಕೋಮಾಕ್ಕೋ ಬೇರೆ ವೈದ್ಯರು ಕೊಟ್ಟ ಕೆಲವು ಬೀಟಾ ಬ್ಲಾಕರ್ ಔಷಧಗಳು ಉಬ್ಬಸವನ್ನು ಹೆಚ್ಚಿಸಬಲ್ಲವು. ಎರಡೂ ಚೀಟಿಗಳು ಒಟ್ಟಿಗೆ ಕಾಣುವುದೂ ಅಲ್ಲಿಯೇ.

ಇದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. ವೈದ್ಯರ ಚೀಟಿಯ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟ್ ಮಾತ್ರ ವಿತರಿಸಬೇಕೆಂದು 1948ರ ಫಾರ್ಮಸಿ ಕಾಯ್ದೆ ಹೇಳುತ್ತದೆ. ಬಳಸುವ ವಿಧಾನ, ಅಡ್ಡ ಪರಿಣಾಮ, ಶೇಖರಣೆ, ಒಂದು ಹೊತ್ತಿನ ಔಷಧ ತಪ್ಪಿದರೆ ಮಾಡಬೇಕಾದದ್ದು ಇವುಗಳ ಬಗ್ಗೆ ರೋಗಿಗೆ ಸಲಹೆ ನೀಡುವುದನ್ನು 2015ರ ಫಾರ್ಮಸಿ ವೃತ್ತಿ ನಿಯಮಾವಳಿ ಕರ್ತವ್ಯವೆಂದೇ ಪರಿಗಣಿಸಿದೆ. ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜು ಆಸ್ಪತ್ರೆಯಲ್ಲಿ ರೋಗಿಗಳೊಂದಿಗೆ ಕೆಲಸ ಮಾಡುವ ಫಾರ್ಮಸಿಸ್ಟ್‌ಗಳನ್ನು ದಶಕಗಳಿಂದ ತರಬೇತುಗೊಳಿಸುತ್ತಾ ಬಂದಿದೆ. ಅಂದರೆ ಜ್ಞಾನಕ್ಕೂ ನಮ್ಮ ರಾಜ್ಯದಲ್ಲಿ ಕೊರತೆಯಿಲ್ಲ.

ಕೊರತೆಯಿರುವುದು ಆಚರಣೆಯಲ್ಲಿ. ಪ್ರಮಾಣಪತ್ರ ಗೋಡೆಯ ಮೇಲಿದ್ದು, ಔಷಧ ಕೊಡುವವರು ಬೇರೆಯಾಗಿರುವ ಅಂಗಡಿಗಳು ಅಪರೂಪವಲ್ಲ. ಅಂಗಡಿಗೆ ಆದಾಯ ಬರುವುದು ಮಾರಾಟದಿಂದಲೇ ಹೊರತು ಸಲಹೆಯಿಂದಲ್ಲ. ಸರ್ಕಾರಿ ಆಸ್ಪತ್ರೆಯ ಔಷಧ ಕಿಂಡಿಯಲ್ಲಿ ಸರದಿ ಉದ್ದವಿದ್ದರೆ ಮಾತಿಗೆ ಸಮಯವೇ ಇರುವುದಿಲ್ಲ. ಆದ್ದರಿಂದ ಆರೋಗ್ಯ ಇಲಾಖೆ ಮೊದಲು ತನ್ನ ಫಾರ್ಮಸಿಸ್ಟ್‌ಗಳಿಗೆ ತರಬೇತಿ ನೀಡಿ, ಪ್ರತಿ ಕಿಂಡಿಯಲ್ಲಿ ಅಭ್ಯಾಸದ ಇನ್ಹೇಲರ್ ಮತ್ತು ಸ್ಪೇಸರ್ ಇಡಬೇಕು. ಮಳೆಗಾಲಕ್ಕೆ ಮುನ್ನ, ಮೇ ತಿಂಗಳಿನಲ್ಲಿಯೇ, ಈ ರೋಗಿಗಳ ಬಳಕೆಯ ಕ್ರಮವನ್ನು ಪರೀಕ್ಷಿಸಬೇಕು. ಖಾಸಗಿ ಅಂಗಡಿಗಳ ತಪಾಸಣೆಯಲ್ಲಿ ದಾಸ್ತಾನಿನೊಂದಿಗೆ ಫಾರ್ಮಸಿಸ್ಟ್‌ರ ಹಾಜರಾತಿಯನ್ನೂ ಸಲಹೆಯನ್ನೂ ನೋಡಬೇಕು.

ಫಾರ್ಮಸಿಸ್ಟ್ ವೈದ್ಯರ ಸ್ಥಾನವನ್ನು ತುಂಬಲಾರರು, ತುಂಬಲೂ ಬಾರದು. ಆದರೆ ವೈದ್ಯರು ಬರೆದದ್ದು ರೋಗಿಯ ಶ್ವಾಸಕೋಶವನ್ನು ತಲುಪುತ್ತಿದೆಯೇ ಎಂದು ನೋಡಲು ಐದು ನಿಮಿಷ ಸಾಕು. ಜುಲೈನ ಮಳೆಯಲ್ಲಿ, ನಡುರಾತ್ರಿ, ಕಾರ್ಗಲ್‌ನಿಂದ ಶಿವಮೊಗ್ಗಕ್ಕೆ ಹೊರಡುವ ಆಂಬುಲೆನ್ಸ್‌ಗಳಲ್ಲಿ ಕೆಲವನ್ನಾದರೂ ಆ ಐದು ನಿಮಿಷ ತಪ್ಪಿಸಬಲ್ಲದು.